ಓದುಗರ ಪ್ರಶ್ನೆ: ಕೆಳಗಿನ ಸೆಟ್ಟು ಯಾಕೆ ನಿಲ್ಲುವುದಿಲ್ಲ?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಟ್ಟಿಸಿದ ಹಲ್ಲಿನ, ಅಂದರೆ ಸೆಟ್ಟಿನ ಬಗ್ಗೆಯೇ ಇದ್ದವು. ಒಂದೇ ತೆರನಾದವನ್ನು ಒಟ್ಟುಗೂಡಿಸಿ, ಹೆಸರು ಬಿಟ್ಟು ಊರು ಮಾತ್ರ ಉಳಿಸಿದ್ದೇವೆ.

ಪ್ರಶ್ನೆ (ಮಧುಗಿರಿ): ನಮ್ಮಮ್ಮನಿಗೆ 68 ವರ್ಷ. ಉಳಿದಿದ್ದ ಆರು ಹಲ್ಲನ್ನೂ ಹೋದ ತಿಂಗಳು ಕೀಳಿಸಿದೆವು. ‘ಮುದ್ದೆ ನುಂಗೋಕೆ ಹಲ್ಲು ಯಾಕೆ’ ಅಂತಾರೆ. ಸೆಟ್ಟು ಕಟ್ಟಿಸಲೇಬೇಕಾ? ಕಟ್ಟಿಸೋದಾದರೆ ಎಷ್ಟು ದಿನ ಬಿಡಬೇಕು?

ಉತ್ತರ: ಮುದ್ದೆಗೆ ಹಲ್ಲು ಬೇಡ, ನಿಮ್ಮ ತಾಯಿಯವರ ಮಾತು ನಿಜ. ನಮ್ಮ ಕಡೆ ಎಷ್ಟೋ ಜನ ಸೆಟ್ಟಿನ ಯೋಚನೆಯನ್ನು ವರ್ಷಗಟ್ಟಲೆ ಮುಂದೂಡುವುದಕ್ಕೆ ಇದೇ ಕಾರಣ. ಆದರೆ ತಟ್ಟೆಯಲ್ಲಿ ಮುದ್ದೆಯ ಪಕ್ಕದಲ್ಲಿ ಏನಿದೆ ಎಂದು ಒಂದು ವಾರ ಗಮನಿಸಿ. ಮೊದಲು ಕಡಲೆಕಾಯಿ ಹೋಗುತ್ತದೆ, ಆಮೇಲೆ ಹಸಿ ಸೌತೆಕಾಯಿ, ಆಮೇಲೆ ಸೊಪ್ಪಿನ ದಂಟು, ಹುರುಳಿಕಾಳು, ಮಾಂಸ. ಕೊನೆಗೆ ಉಳಿಯುವುದು ಮುದ್ದೆ, ಅನ್ನ, ತಿಳಿಸಾರು. ಹೊಟ್ಟೆ ತುಂಬುತ್ತದೆ, ಆದರೆ ನಾರು, ಪ್ರೋಟೀನು ಎರಡೂ ಕಡಿಮೆಯಾಗುತ್ತವೆ. ಆ ವಯಸ್ಸಿನಲ್ಲಿ ಮೈ ಇಳಿದುಹೋಗುವುದಕ್ಕೆ ಅಷ್ಟು ಸಾಕು.

ಕಿತ್ತ ಜಾಗದ ವಸಡು ಮೇಲ್ನೋಟಕ್ಕೆ ಮೂರ್ನಾಲ್ಕು ವಾರದಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಮೂಳೆ ಅಷ್ಟು ಬೇಗ ನೆಲೆಗೆ ಬರುವುದಿಲ್ಲ. ಮೊದಲ ಆರು ತಿಂಗಳು ಬೇಗಬೇಗ ಕರಗುತ್ತದೆ, ಒಂದು ವರ್ಷವಾದ ಮೇಲೆ ನಿಧಾನವಾಗುತ್ತದೆ, ಪೂರ್ತಿಯಾಗಿ ನಿಲ್ಲುವುದೇ ಇಲ್ಲ. ಹಾಗಾಗಿ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಅಳತೆ ತೆಗೆಯುತ್ತಾರೆ. ಹಲ್ಲು ಕಿತ್ತ ದಿನವೇ ಹಾಕುವ ಸೆಟ್ಟೂ ಇದೆ. ಬೊಚ್ಚುಬಾಯಲ್ಲಿ ಒಂದು ದಿನವೂ ಇರಲಾಗದ ಕೆಲಸದವರಿಗೆ ಅದು ಸರಿ. ಆದರೆ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ, ಒಳಮೈಗೆ ಹೊಸ ಪದರ ಕೊಡಿಸಬೇಕು ಅಥವಾ ಬೇರೆಯದೇ ಕಟ್ಟಿಸಬೇಕು.

‘ಸೆಟ್ಟು ಹಾಕಿದರೆ ಮೂಳೆ ಕರಗುವುದು ನಿಲ್ಲುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಡ ಮಾಡಬಾರದು ಎನ್ನುವುದಕ್ಕೆ ಕಾರಣ ಬೇರೆ. ಹಲ್ಲಿಲ್ಲದ ಬಾಯಲ್ಲಿ ನಾಲಿಗೆ ಅಗಲವಾಗಿ ಹರಡಿಕೊಳ್ಳುತ್ತದೆ, ಕೆನ್ನೆ ಒಳಗೆ ಬೀಳುತ್ತದೆ, ಗದ್ದ ಮೂಗಿನ ಕಡೆಗೆ ಏರಿ ಕಚ್ಚುವ ಅಭ್ಯಾಸವೇ ಬದಲಾಗುತ್ತದೆ. ನಾಲ್ಕೈದು ವರ್ಷ ಹಾಗೆ ಬಿಟ್ಟವರಿಗೆ ಸೆಟ್ಟು ಪರಕೀಯ ವಸ್ತುವಿನ ಹಾಗೆ ಕಾಣುತ್ತದೆ, ಡಬ್ಬಿ ಸೇರುತ್ತದೆ.

ಪ್ರಶ್ನೆ (ಚಿಂತಾಮಣಿ): ಸೆಟ್ಟಿಗೆ ಐದಾರು ಸಲ ಬರಬೇಕು ಅಂತಾರೆ ಡಾಕ್ಟರು. ಇನ್ನೊಂದು ಕಡೆ ಒಂದೇ ದಿನದಲ್ಲಿ ಕೊಡ್ತೀವಿ ಅಂತಾರೆ. ಸುಮ್ಮನೆ ಓಡಾಡಿಸ್ತಾರಾ?

ಉತ್ತರ: ಇಲ್ಲ. ಪ್ರತಿ ಭೇಟಿಯಲ್ಲೂ ಒಂದೊಂದು ಅಳತೆ ತೆಗೆಯುವುದಿರುತ್ತದೆ, ಅದನ್ನು ಬಿಟ್ಟರೆ ತಪ್ಪು ಬಾಯಲ್ಲಿ ಕೂರುತ್ತದೆ.

ಮೊದಲ ದಿನ ಬಾಯಿ ಪರೀಕ್ಷೆ. ವಸಡಿನೊಳಗೆ ಮುರಿದ ಬೇರು ಉಳಿದಿದೆಯೇ ಎಂದು ಬೇಕಿದ್ದರೆ ಎಕ್ಸ್‌ರೇ ತೆಗೆದು ನೋಡಿ, ಮೊದಲ ಅಚ್ಚು ತೆಗೆಯುತ್ತಾರೆ. ನೀರಿನಲ್ಲಿ ಕಲಸಿದ ಪುಡಿ ಬಾಯೊಳಗೆ ಎರಡು ಮೂರು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದಲ್ಲ, ಅದು. ಅದರಿಂದ ಪ್ಲಾಸ್ಟರಿನ ಮಾದರಿ ಮಾಡಿ, ಮುಂದಿನ ಅಚ್ಚು ತೆಗೆಯಲು ನಿಮ್ಮ ಬಾಯಿಗೆಂದೇ ಒಂದು ತಟ್ಟೆ ತಯಾರಿಸುತ್ತಾರೆ.

ಎರಡನೇ ಭೇಟಿ ಎಲ್ಲಕ್ಕಿಂತ ಮುಖ್ಯ. ಆ ತಟ್ಟೆಯ ಅಂಚಿಗೆ ಹಸಿರು ಮೇಣದ ಕಡ್ಡಿಯನ್ನು ಕಾಯಿಸಿ ಹಚ್ಚಿ, ಬಾಯಲ್ಲಿಟ್ಟು ‘ನಾಲಿಗೆ ಚಾಚಿ, ತುಟಿ ಮುಂದೆ ಮಾಡಿ, ಆ ಅನ್ನಿ’ ಎನ್ನುತ್ತಾರೆ. ಕೆನ್ನೆ, ತುಟಿ, ನಾಲಿಗೆ ಆಡುವಾಗ ಅಂಚು ಎಲ್ಲಿಯವರೆಗೆ ಹೋಗಬಹುದು ಎನ್ನುವ ಗಡಿ ಮೇಣದಲ್ಲಿ ಮೂಡುತ್ತದೆ. ಆಮೇಲೆ ಲವಂಗದ ವಾಸನೆಯ ತೆಳು ಪೇಸ್ಟು ಹಚ್ಚಿ ವಸಡಿನ ಸೂಕ್ಷ್ಮ ಗುರುತುಗಳ ಅಚ್ಚು ತೆಗೆಯುತ್ತಾರೆ. ಅಂಚು ತುಸು ಉದ್ದವಾದರೆ ಕೆನ್ನೆ ಆಡಿದಾಗಲೆಲ್ಲ ಸೆಟ್ಟು ಎದ್ದೇಳುತ್ತದೆ, ಕೊರೆದು ಹುಣ್ಣಾಗುತ್ತದೆ. ಗಿಡ್ಡವಾದರೆ ಗಾಳಿ ನುಗ್ಗಿ ಹಿಡಿತ ಹೋಗುತ್ತದೆ. ಈ ಕೆಲಸ ಅವಸರದಲ್ಲಿ ಆಗುವುದಲ್ಲ.

ಮೂರನೇ ಭೇಟಿಯಲ್ಲಿ ಮೇಣದ ದಿಬ್ಬಗಳನ್ನು ಬಾಯಲ್ಲಿಟ್ಟು ಎತ್ತರ ನೋಡುತ್ತಾರೆ. ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟು ಅಳೆಯುವುದು ಇದಕ್ಕೇ. ಬಾಯಿ ಆರಾಮವಾಗಿದ್ದಾಗ ಮೇಲಿನ, ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಜಾಗ ಉಳಿಯಬೇಕು. ಎತ್ತರ ಹೆಚ್ಚಾದರೆ ಮಾತಾಡುವಾಗ ಹಲ್ಲುಗಳು ಟಕಟಕ ಬಡಿಯುತ್ತವೆ, ದವಡೆ ನೋಯುತ್ತದೆ. ಕಡಿಮೆಯಾದರೆ ಬಾಯಿ ಬೊಚ್ಚಾಗಿಯೇ ಕಾಣುತ್ತದೆ, ತುಟಿಯ ಮೂಲೆಯಲ್ಲಿ ಜೊಲ್ಲು ನಿಂತು ಸೀಳು ಬರುತ್ತದೆ.

ನಾಲ್ಕನೇ ಸಲ, ಮೇಣದಲ್ಲಿ ಜೋಡಿಸಿದ ಹಲ್ಲನ್ನು ಹಾಕಿ ತೋರಿಸುತ್ತಾರೆ. ಆ ದಿನ ಮನೆಯವರು ಒಬ್ಬರು ಜೊತೆಗೆ ಬನ್ನಿ, ಹಲ್ಲಿದ್ದ ಕಾಲದ ಒಂದು ಫೋಟೊ ತನ್ನಿ. ಕ್ಲಿನಿಕ್ಕಿನ ಟ್ಯೂಬ್‌ಲೈಟಿನಲ್ಲಿ ಬಣ್ಣ ಒಪ್ಪಿಕೊಳ್ಳಬೇಡಿ, ಬಾಗಿಲಾಚೆ ಬಿಸಿಲು ಬೆಳಕಿನಲ್ಲಿ ಕನ್ನಡಿ ನೋಡಿ. ‘ಸಾಸಿವೆ, ಸೊಸೆ, ಶಂಖ, ದಂಟು’ ಎಂದು ಹೇಳಿ ನೋಡಿ. ಹಲ್ಲು ದೊಡ್ಡದಾಯಿತು, ತುಟಿ ಉಬ್ಬಿತು, ನಡುಗೆರೆ ಓರೆಯಾಗಿದೆ, ಏನಿದ್ದರೂ ಸಂಕೋಚ ಬಿಟ್ಟು ಅಂದೇ ಹೇಳಿ. ಮೇಣದಲ್ಲಿರುವವರೆಗೆ ಹಲ್ಲನ್ನು ಕಿತ್ತು ಜರುಗಿಸಿ ಕೂರಿಸುವುದು ಐದು ನಿಮಿಷದ ಕೆಲಸ. ಬೇಯಿಸಿದ ಮೇಲೆ ಆಗುವುದಿಲ್ಲ.

ಬೇಯಿಸುವುದು ಎಂದರೆ ನಿಜವಾಗಿಯೂ ಬೇಯಿಸುವುದೇ. ಮೇಣವನ್ನು ಕುದಿನೀರಿನಲ್ಲಿ ಕರಗಿಸಿ ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಬಿಗಿದು, ಸುಮಾರು 74 ಡಿಗ್ರಿ ಬಿಸಿನೀರಿನಲ್ಲಿ ಎಂಟು ಒಂಬತ್ತು ಗಂಟೆ ಇಡುತ್ತಾರೆ. ಅವಸರಕ್ಕೆ ಒಮ್ಮೆಲೇ ಕುದಿಸಿದರೆ ಒಳಗಿನ ದ್ರವ ಆವಿಯಾಗಿ ಸೆಟ್ಟಿನೊಳಗೆ ಗುಳ್ಳೆ ಉಳಿಯುತ್ತದೆ. ಗುಳ್ಳೆಯಿದ್ದಲ್ಲಿ ಮುರಿಯುತ್ತದೆ, ಕೊಳೆ ಕೂರುತ್ತದೆ, ವಾಸನೆ ಹಿಡಿಯುತ್ತದೆ. ಐದನೇ ಭೇಟಿಗೆ ಸೆಟ್ಟು ಕೈಗೆ ಬರುತ್ತದೆ, ಮಾರನೆಯ ದಿನ ಮತ್ತು ಒಂದು ವಾರಕ್ಕೆ ತಪ್ಪದೆ ಹೋಗಿ ತೋರಿಸಿ.

ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಹೊಸ ವಿಧಾನದಲ್ಲಿ ಭೇಟಿಗಳು ಕಡಿಮೆಯಾಗುತ್ತವೆ, ಅದು ಬೇರೆ ಮಾತು. ಅಚ್ಚು, ಎತ್ತರ, ಕಚ್ಚು (ಮೇಲಿನ, ಕೆಳಗಿನ ಹಲ್ಲು ಕೂಡುವ ರೀತಿ) ಅಲ್ಲೂ ನೋಡಲೇಬೇಕು.

ಪ್ರಶ್ನೆ (ಶ್ರೀನಿವಾಸಪುರ): ಮೇಲಿನ ಸೆಟ್ಟು ಗಟ್ಟಿಯಾಗಿ ಕೂತಿದೆ. ಕೆಳಗಿನದು ತೇಲುತ್ತೆ, ಮಾವಿನಹಣ್ಣು ಕಚ್ಚಿದರೆ ಎದ್ದೇ ಬರುತ್ತೆ. ಡಾಕ್ಟರು ಸರಿಯಾಗಿ ಮಾಡಿಲ್ಲವಾ?

ಉತ್ತರ: ಅತಿ ಹೆಚ್ಚು ಜನ ಕೇಳಿರುವ ಪ್ರಶ್ನೆ ಇದೇ. ಮಾಡಿದವರ ತಪ್ಪು ಇರಬಹುದು, ಇಲ್ಲದೆಯೂ ಹೀಗಾಗಬಹುದು.

ಎರಡು ಗಾಜಿನ ತುಂಡಿನ ನಡುವೆ ಒಂದು ಹನಿ ನೀರು ಬಿಟ್ಟು ಎಳೆದು ನೋಡಿ, ಸುಲಭಕ್ಕೆ ಬಿಡುವುದಿಲ್ಲ. ಮೇಲಿನ ಸೆಟ್ಟು ಅಂಗುಳಕ್ಕೆ ಹಿಡಿದುಕೊಳ್ಳುವುದು ಹೀಗೆಯೇ, ನಡುವೆ ಜೊಲ್ಲಿನ ತೆಳುಪದರ. ಜೊತೆಗೆ ಹಿಂದಿನ ಅಂಚು ಮೆತ್ತನೆಯ ಅಂಗುಳಕ್ಕೆ ಒತ್ತಿ ಗಾಳಿ ಹೋಗದಂತೆ ಮುಚ್ಚುತ್ತದೆ. ಅದಕ್ಕೆ ಸಿಗುವ ಜಾಗ ಸುಮಾರು 23 ಚದರ ಸೆಂಟಿಮೀಟರ್. ಕೆಳಗೆ ನಡುವೆ ನಾಲಿಗೆ ಇರುವುದರಿಂದ ಕುದುರೆ ಲಾಳದ ಆಕಾರದ ಪಟ್ಟಿ ಮಾತ್ರ ಸಿಗುತ್ತದೆ, ಸುಮಾರು 12 ಚದರ ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ. ಅದರ ಮೇಲೆ ಕೆಳಗಿನ ದವಡೆಯ ಮೂಳೆ ಮೇಲಿನದಕ್ಕಿಂತ ಸರಾಸರಿ ನಾಲ್ಕು ಪಟ್ಟು ಸವೆಯುತ್ತದೆ. ವರ್ಷ ಕಳೆದಂತೆ, ಬದುವಿನಂತೆ ಎದ್ದಿದ್ದ ವಸಡಿನ ಜಾಗ ಸಮತಟ್ಟಾಗುತ್ತದೆ. ಬದುವಿಲ್ಲದ ಹೊಲದಲ್ಲಿ ನೀರು ನಿಲ್ಲದ ಹಾಗೆ, ಸೆಟ್ಟೂ ನಿಲ್ಲುವುದಿಲ್ಲ.

ಇನ್ನು ಮಾವಿನಹಣ್ಣು. ಮುಂದಿನ ಹಲ್ಲಿನಿಂದ ಕಚ್ಚಿ ಎಳೆದರೆ ಯಾವ ಸೆಟ್ಟಾದರೂ ತಕ್ಕಡಿಯಂತೆ ವಾಲುತ್ತದೆ, ಮುಂದೆ ಒತ್ತಿದರೆ ಹಿಂದೆ ಏಳುತ್ತದೆ. ಹಣ್ಣನ್ನು ಚಾಕುವಿನಿಂದ ಸಣ್ಣ ತುಂಡು ಮಾಡಿ, ಎರಡೂ ಪಕ್ಕದ ದವಡೆಗೆ ಒಟ್ಟಿಗೆ ಹಂಚಿಕೊಂಡು ಅಗಿಯಿರಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಇನ್ನೊಂದು ಸಣ್ಣ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ: ನಾಲಿಗೆಯ ತುದಿ ಸದಾ ಕೆಳಗಿನ ಮುಂಭಾಗದ ಹಲ್ಲುಗಳ ಹಿಂಬದಿಗೆ ತಾಗಿರಲಿ. ಬಾಯಿ ತೆರೆದಾಗ ನಾಲಿಗೆಯನ್ನು ಗಂಟಲ ಕಡೆಗೆ ಎಳೆದುಕೊಳ್ಳುವವರಿಗೆ ಕೆಳಗಿನ ಸೆಟ್ಟು ಎಂದೂ ನಿಲ್ಲುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಆರೆಂಟು ವಾರದಲ್ಲಿ ಕೆನ್ನೆ, ನಾಲಿಗೆ ಎರಡೂ ಸೆಟ್ಟನ್ನು ಹಿಡಿದುಕೊಳ್ಳುವುದು ಕಲಿಯುತ್ತವೆ.

ಇಷ್ಟಾದರೂ ಸುಮ್ಮನೆ ಕೂತಿದ್ದಾಗಲೇ ತೇಲಿದರೆ ಅಂಚು ಉದ್ದವಾಗಿರಬೇಕು, ಅಥವಾ ಕಚ್ಚು ಸರಿಯಿಲ್ಲ. ಮಾಡಿದವರ ಬಳಿಗೇ ಹೋಗಿ. ಹಳೆಯ ಸೆಟ್ಟಾದರೆ ರಿಲೈನ್ ಮಾಡಿಸಬಹುದು, ಅಂದರೆ ಹಲ್ಲು ಹಾಗೆಯೇ ಇಟ್ಟು ಒಳಮೈಗೆ ಮಾತ್ರ ಹೊಸ ಪದರ. ಅಂಟು ಪೇಸ್ಟು ತಾತ್ಕಾಲಿಕಕ್ಕೆ ಸರಿ. ತೊಳೆದು ಒರೆಸಿದ ಸೆಟ್ಟಿನ ಮೇಲೆ ಮೂರು ಕಡೆ ತೊಗರಿಕಾಳಿನಷ್ಟು ಹಚ್ಚಿದರೆ ಸಾಕು. ದಿನವೂ ಕೊಳವೆಗಟ್ಟಲೆ ಬೇಕಾಗುತ್ತಿದೆ ಎಂದರೆ ಸೆಟ್ಟು ಕೆಟ್ಟಿದೆ ಎಂದೇ ಅರ್ಥ. ಸತು ಇರುವ ಅಂಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಿಗೆ ಮೈಯಲ್ಲಿ ತಾಮ್ರದ ಅಂಶ ಕಡಿಮೆಯಾಗಿ ಕಾಲು ಜೋಮು ಹಿಡಿದದ್ದುಂಟು.

ಪ್ರಶ್ನೆ (ಗುಬ್ಬಿ): ಸೆಟ್ಟು ಹಾಕಿ ನಾಲ್ಕು ದಿನ. ಒಂದು ಕಡೆ ಕೊರೆದು ಹುಣ್ಣಾಗಿದೆ. ಆ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿಕೊಳ್ಳಬಹುದಾ?

ಉತ್ತರ: ಬೇಡವೇ ಬೇಡ. ಹುಣ್ಣು ಇರುವ ಜಾಗಕ್ಕೂ ಒತ್ತುವ ಜಾಗಕ್ಕೂ ಎಷ್ಟೋ ಸಲ ಸಂಬಂಧವಿರುವುದಿಲ್ಲ. ಹಿಂದಿನ ಹಲ್ಲು ಒಂದು ಮೊದಲೇ ತಾಗಿ ಸೆಟ್ಟು ಜಾರಿದರೆ ಮುಂದೆ ಹುಣ್ಣಾಗುತ್ತದೆ. ನೀವು ಉಜ್ಜುವುದು ಮುಂದೆ, ತಪ್ಪಿರುವುದು ಹಿಂದೆ. ನೋವು ಹೆಚ್ಚಿದ್ದರೆ ತೆಗೆದಿಟ್ಟು ಉಪ್ಪುನೀರು ಮುಕ್ಕಳಿಸಿ. ಆದರೆ ಡಾಕ್ಟರ ಹತ್ತಿರ ಹೋಗುವ ದಿನ ಎರಡು ಮೂರು ಗಂಟೆ ಮೊದಲು ಹಾಕಿಕೊಂಡೇ ಹೋಗಿ. ಕೆಂಪು ಗುರುತು ಕಾಣದಿದ್ದರೆ ಎಲ್ಲಿ ಉಜ್ಜಬೇಕೆಂದು ಅವರಿಗೂ ತಿಳಿಯುವುದಿಲ್ಲ. ಸೆಟ್ಟು ಸರಿಮಾಡಿಸಿ ಎರಡು ವಾರವಾದರೂ ಮಾಯದ ಹುಣ್ಣನ್ನು, ಅದರಲ್ಲೂ ಎಲೆಯಡಿಕೆ, ಹೊಗೆಸೊಪ್ಪು, ಬೀಡಿಯ ಅಭ್ಯಾಸ ಇರುವವರು, ಸೆಟ್ಟಿನ ಹುಣ್ಣೆಂದು ಬಿಡಬೇಡಿ. ಬಾಯಿಯ ಕ್ಯಾನ್ಸರ್ ಅಲ್ಲವೆಂದು ಖಚಿತ ಮಾಡಿಕೊಳ್ಳಿ.

ಪ್ರಶ್ನೆ (ಪಾವಗಡ): ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಮನೆಯಲ್ಲಿ ಎಲ್ಲರ ಹಲ್ಲೂ ಕಂದು. ಸೆಟ್ಟಿಗೂ ಕಲೆ ಹತ್ತುತ್ತಾ? ತೊಳೆದಿಟ್ಟರೂ ಬಿಳಿ ಪೊರೆ ಕಟ್ಟುತ್ತೆ.

ಉತ್ತರ: ಫ್ಲೋರೈಡಿನ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗಲೇ, ಸುಮಾರು ಎಂಟು ವರ್ಷದೊಳಗೆ ಆಗುವಂಥದ್ದು. ಸೆಟ್ಟಿನ ಹಲ್ಲಿಗೆ ಅದು ಬರುವುದಿಲ್ಲ. ಮನೆಯಲ್ಲಿ ಚಿಕ್ಕಮಕ್ಕಳಿದ್ದರೆ ಯೋಚನೆ ಮಾಡಬೇಕಾದದ್ದು ಅವರ ಬಗ್ಗೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಅವರಿಗೆ ಕುಡಿಸಬೇಡಿ, ಕುಡಿಯುವುದಕ್ಕೂ ಅಡಿಗೆಗೂ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ.

ಬಿಳಿ ಪೊರೆ ಗಡಸುನೀರಿನ ಸುಣ್ಣದಂಶ. ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ರಾತ್ರಿ ಸೆಟ್ಟು ನೆನೆಸಿಡುವುದಕ್ಕೆ ಆ ಕ್ಯಾನಿನ ನೀರನ್ನೇ ಒಂದು ಲೋಟ ಬಳಸಿ. ಈಗಾಗಲೇ ಕಟ್ಟಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಅರ್ಧ ಗಂಟೆ ನೆನೆಸಿ, ಬ್ರಷ್ ಆಡಿಸಿ, ಚೆನ್ನಾಗಿ ತೊಳೆಯಿರಿ. ಚಾಕುವಿನಿಂದ ಕೆರೆಯಬೇಡಿ.

ದಿನದ ಶುಚಿಗೆ ಮೆತ್ತನೆ ಬ್ರಷ್, ಕೈತೊಳೆಯುವ ಸೋಪು ಸಾಕು. ಟೂತ್‌ಪೇಸ್ಟು, ಹಲ್ಲುಪುಡಿ, ಇದ್ದಿಲು, ಉಪ್ಪು ಇವೆಲ್ಲ ಅಕ್ರಿಲಿಕ್ಕನ್ನು ಗೀರುತ್ತವೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಬಚ್ಚಲಿನಲ್ಲಿ ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸನ್ ಇಟ್ಟುಕೊಳ್ಳಿ. ಎಷ್ಟೋ ಸೆಟ್ಟುಗಳು ಮುರಿಯುವುದು ಸೋಪಿನ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದಾಗ. ಕುದಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ, ಒಣಗಲು ಬಿಟ್ಟರೂ ಆಕಾರ ತಪ್ಪುತ್ತದೆ.

ಪ್ರಶ್ನೆ (ಬಂಗಾರಪೇಟೆ): ಅತ್ತೆಯವರು ಸೆಟ್ಟನ್ನು ರಾತ್ರಿಯೂ ತೆಗೆಯಲ್ಲ. ಅಂಗುಳ ಕೆಂಪಗಾಗಿದೆ, ನೋವಿಲ್ಲ ಅಂತಾರೆ. ಸಕ್ಕರೆ ಕಾಯಿಲೆ ಇದೆ.

ಉತ್ತರ: ಸೆಟ್ಟಿನ ಆಕಾರದಲ್ಲೇ ಕೆಂಪಗಿದ್ದರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಬೂಷ್ಟು. ಸೆಟ್ಟಿನಡಿಯ ಬೆಚ್ಚನೆಯ, ಜೊಲ್ಲು ಹರಿಯದ ಜಾಗ ಅದಕ್ಕೆ ಹಿಡಿಸುತ್ತದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಇನ್ನೂ ಸಲೀಸು. ನೋವಿಲ್ಲದಿರುವುದರಿಂದಲೇ ಜನ ಬಿಟ್ಟುಬಿಡುತ್ತಾರೆ. ರಾತ್ರಿ ಆರರಿಂದ ಎಂಟು ಗಂಟೆ ತೆಗೆದಿಡಲೇಬೇಕು, ವಸಡಿಗೆ ರಕ್ತ ಓಡಾಡಬೇಕು. ಮಲಗುವ ಮುಂಚೆ ಸೆಟ್ಟಿನ ಒಳಮೈ ಉಜ್ಜಿ, ಅಂಗುಳ, ನಾಲಿಗೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಲಿ. ಬೂಷ್ಟಿನ ಔಷಧಿಯನ್ನು ದಂತವೈದ್ಯರು ಬರೆದುಕೊಡುತ್ತಾರೆ. ಬಾಯಿಗೆ ಔಷಧಿ ಹಚ್ಚಿ ಸೆಟ್ಟನ್ನು ಕೊಳಕಾಗಿಯೇ ಬಿಟ್ಟರೆ ತಿಂಗಳಲ್ಲಿ ಮತ್ತೆ ಬರುತ್ತದೆ, ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ಜೊತೆಗೆ ಒಂದು ಎಚ್ಚರಿಕೆ. ಸೆಟ್ಟು ಅಂಗುಳವನ್ನು ಮುಚ್ಚುವುದರಿಂದ ಬಿಸಿ ತಿಳಿಯುವುದಿಲ್ಲ. ಹಬೆಯಾಡುವ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಹಾಗೇ ನುಂಗಿದರೆ ಬಾಯಿಗೆ ಗೊತ್ತಾಗದೆ ಗಂಟಲು ಸುಡುತ್ತದೆ. ತುತ್ತನ್ನು ಬೆರಳಿನಲ್ಲೇ ಬಿಸಿ ನೋಡಿ ನುಂಗಲಿ.

ಪ್ರಶ್ನೆ (ಶಿಡ್ಲಘಟ್ಟ): ಮೇಲಿನ ಸೆಟ್ಟು ನಡುವೆ ಎರಡು ಹೋಳಾಯಿತು. ಫೆವಿಕ್ವಿಕ್ ಹಾಕಿದೆ, ನಿಲ್ಲಲಿಲ್ಲ.

ಉತ್ತರ: ಇನ್ನು ಹಾಕಬೇಡಿ. ಅದು ಬಾಯೊಳಗೆ ಇಡುವ ಅಂಟಲ್ಲ, ಮೇಲಾಗಿ ಅಂಚಿನಲ್ಲಿ ಗಟ್ಟಿಯಾಗಿ ಕೂತು ತುಂಡುಗಳು ಸರಿಯಾಗಿ ಕೂಡದ ಹಾಗೆ ಮಾಡುತ್ತದೆ. ಚೂರನ್ನೂ ಬಿಡದೆ ಎಲ್ಲ ತುಂಡು ತೆಗೆದುಕೊಂಡು ಹೋಗಿ. ಬೀಳದೆಯೇ ಮುರಿದಿದ್ದರೆ ಬರಿಯ ದುರಸ್ತಿ ಸಾಲದು. ಪಕ್ಕದ ಮೂಳೆ ಸವೆದು ಸೆಟ್ಟು ಅಂಗುಳದ ನಡುಗಂಬದ ಮೇಲೆ ಏತದಂತೆ ಆಡುತ್ತಿದೆ ಎಂದರ್ಥ. ರಿಲೈನ್ ಮಾಡಿಸದಿದ್ದರೆ ಅದೇ ಗೆರೆಯಲ್ಲಿ ಮತ್ತೆ ಮುರಿಯುತ್ತದೆ.

ಪ್ರಶ್ನೆ (ತಿಪಟೂರು): ಮೂರು ಹಲ್ಲು ಮಾತ್ರ ಇಲ್ಲ. ಸಂತೆ ಹತ್ತಿರ ಒಬ್ಬರು ‘ತೆಗೆಯೋದೇ ಬೇಡ, ಫಿಕ್ಸ್ ಮಾಡಿಕೊಡ್ತೀನಿ’ ಅಂತಾರೆ. ಬೆಲೆ ಕಡಿಮೆ.

ಉತ್ತರ: ದಯವಿಟ್ಟು ಮಾಡಿಸಿಕೊಳ್ಳಬೇಡಿ. ಅವರು ಮಾಡುವುದು ಇಷ್ಟು: ತಣ್ಣಗೇ ಗಟ್ಟಿಯಾಗುವ ಅಕ್ರಿಲಿಕ್ಕನ್ನು ನೇರವಾಗಿ ವಸಡಿನ ಮೇಲೆ ಮೆತ್ತಿ, ಪಕ್ಕದ ಒಳ್ಳೆಯ ಹಲ್ಲುಗಳಿಗೆ ತಂತಿ ಬಿಗಿಯುವುದು. ಅದು ಗಟ್ಟಿಯಾಗುವಾಗಿನ ಬಿಸಿ ವಸಡನ್ನು ಸುಡುತ್ತದೆ. ತೆಗೆಯಲಾಗದ್ದರಿಂದ ಅಡಿಯಲ್ಲಿ ಅನ್ನ, ಕಾಳು ಕೊಳೆಯುತ್ತದೆ. ಕಾಲಕ್ರಮೇಣ ತಂತಿ ಕಟ್ಟಿದ ಹಲ್ಲುಗಳೂ ಅಲ್ಲಾಡುತ್ತವೆ. ಮೂರಿದ್ದದ್ದು ಐದಾಗುತ್ತದೆ. ಗೋಡೆಯ ಮೇಲೆ ಬಿಡಿಎಸ್ ಅಥವಾ ಎಂಡಿಎಸ್ ಪದವಿ, ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿಯೇ ಒಳಗೆ ಹೋಗಿ.

ನಿಜವಾದ ಆಯ್ಕೆಗಳು ಇವು. ತಂತಿಯ ಕೊಕ್ಕೆ ಇರುವ ಅಕ್ರಿಲಿಕ್ ಸೆಟ್ಟು ಅಗ್ಗ, ಮುಂದೆ ಹಲ್ಲು ಸೇರಿಸುವುದೂ ಸುಲಭ. ಬಾಗುವ ನೈಲಾನಿನ ಸೆಟ್ಟು ನೋಡಲು ಚೆಂದ, ಆದರೆ ಸಡಿಲವಾದರೆ ರಿಲೈನ್ ಮಾಡುವುದು ಕಷ್ಟ. ಲೋಹದ ಚೌಕಟ್ಟಿನದು ತೆಳು, ಗಟ್ಟಿ, ಉಳಿದ ಹಲ್ಲಿನ ಮೇಲೆ ಭಾರ ಹಂಚುತ್ತದೆ. ಕೈಯಲ್ಲಿ ಹಣವಿದ್ದರೆ ನಾವು ಹೇಳುವುದು ಇದನ್ನೇ. ಹಲ್ಲುಗಳು ಸಾಲಾಗಿ ಹೋಗಿಲ್ಲದಿದ್ದರೆ ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳಿಗೆ ಅಂಟಿಸಿ ಕೂರಿಸುವ ಹಲ್ಲು, ಕೂಡ ಆಗುತ್ತದೆ, ಆದರೆ ಪಕ್ಕದ ಹಲ್ಲು ಕೊರೆಯಬೇಕು. ಯಾವುದೇ ಆಗಲಿ, ಕೊಕ್ಕೆ ತಾಗುವ ಹಲ್ಲನ್ನು ಹೆಚ್ಚು ಉಜ್ಜಿ, ಹುಳುಕು ಮೊದಲು ಹಿಡಿಯುವುದು ಅಲ್ಲಿ.

ಪ್ರಶ್ನೆ (ಗೌರಿಬಿದನೂರು): ತಂದೆಗೆ 72, ಸಕ್ಕರೆ ಇದೆ. ಕೆಳಗಿನ ಸೆಟ್ಟು ನಿಲ್ಲಲ್ಲ. ಇಂಪ್ಲಾಂಟ್ ಆಗುತ್ತಾ?

ಉತ್ತರ: ಎಲ್ಲ ಹಲ್ಲಿಗೂ ಬೇಕಿಲ್ಲ. ಕೆಳದವಡೆಯಲ್ಲಿ ಕೋರೆಹಲ್ಲಿದ್ದ ಎರಡು ಜಾಗದಲ್ಲಿ ಒಂದೊಂದು ಟೈಟೇನಿಯಂ ಸ್ಕ್ರೂ ಕೂರಿಸಿ, ಸೆಟ್ಟಿನೊಳಗೆ ಗುಂಡಿಯಂತೆ ಕಚ್ಚುವ ಬಿಲ್ಲೆ ಇಟ್ಟರೆ ಸಾಕು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಿ ಹೇಳಿದ್ದೂ ಇದನ್ನೇ. ಮೂಳೆಗೆ ಬೆಸೆದುಕೊಳ್ಳಲು ಸುಮಾರು ಮೂರು ತಿಂಗಳು ಬೇಕು. ಸಕ್ಕರೆ ಇರುವುದು ಅಡ್ಡಿಯಲ್ಲ, ಹತೋಟಿಯಲ್ಲಿಲ್ಲದಿರುವುದು ಅಡ್ಡಿ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ವರದಿ ತೆಗೆದುಕೊಂಡು ಹೋಗಿ. ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನು ಮರೆಯದೆ ಹೇಳಿ. ಬಿಲ್ಲೆ ಸವೆಯುತ್ತದೆ, ಆಗಾಗ ಬದಲಿಸಬೇಕು, ಆ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ (ಮುಳಬಾಗಿಲು): ಉಚಿತವಾಗಿ ಎಲ್ಲಿ ಸಿಗುತ್ತೆ?

ಉತ್ತರ: ಬಿಪಿಎಲ್ ಕಾರ್ಡು ಇರುವ ಹಿರಿಯರಿಗೆ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ದಂತ ಕಾಲೇಜುಗಳ ಮೂಲಕ ಸೆಟ್ಟು ಕಟ್ಟಿಕೊಡುವ ವ್ಯವಸ್ಥೆ ಬಂದಿದೆ. ಕಾರ್ಡು, ಆಧಾರ್ ಹಿಡಿದು ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಈಗಿನ ನಿಯಮ ವಿಚಾರಿಸಿ. ನಿಮಗೆ ಕೆಜಿಎಫ್‌ನ ದಂತ ಕಾಲೇಜು ಹತ್ತಿರ, ತುಮಕೂರು ಕಡೆಯವರಿಗೆ ಸಿದ್ಧಾರ್ಥ ದಂತ ಕಾಲೇಜು. ಕಾಲೇಜಿನಲ್ಲಿ ಎರಡು ಭೇಟಿ ಹೆಚ್ಚೇ ಆಗಬಹುದು. ಆದರೆ ವಿದ್ಯಾರ್ಥಿ ಮಾಡುವ ಪ್ರತಿ ಹಂತವನ್ನೂ ಮೇಷ್ಟ್ರು ನೋಡಿಯೇ ಮುಂದಕ್ಕೆ ಬಿಡುತ್ತಾರೆ, ಆ ಓಡಾಟ ದಂಡವಲ್ಲ.

ಪ್ರಶ್ನೆ (ಕುಣಿಗಲ್): ತಾತನಿಗೆ ಮುಂದಿನ ವಾರ ಆಪರೇಷನ್. ಸೆಟ್ಟು ಹಾಕಿಕೊಂಡೇ ಹೋಗಬಹುದಾ?

ಉತ್ತರ: ಆಸ್ಪತ್ರೆಗೆ ಹಾಕಿಕೊಂಡು ಹೋಗಲಿ, ಸೆಟ್ಟಿರುವುದನ್ನು ಅರಿವಳಿಕೆ ವೈದ್ಯರಿಗೆ ಹೇಳಿ, ಅವರು ಹೇಳಿದಾಗ ತೆಗೆದಿಡಿ. ಪ್ರಜ್ಞೆಯಿಲ್ಲದಾಗ ಸಣ್ಣ ಸೆಟ್ಟು ಗಂಟಲಿಗೆ ಇಳಿಯಬಹುದು, ಬರಿಯ ಅಕ್ರಿಲಿಕ್ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ಕಾಗದದಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಟರೆ ಕಸದ ಜೊತೆ ಹೋಗುತ್ತದೆ. ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ, ಮೇಲೆ ಹೆಸರು ಬರೆದು, ಜೊತೆಗಿರುವವರ ಕೈಯಲ್ಲೇ ಇರಲಿ. ಹೊಸದಾಗಿ ಕಟ್ಟಿಸುವವರು ಸೆಟ್ಟಿನ ಒಳಮೈಯಲ್ಲೇ ಹೆಸರು ಹಾಕಿಕೊಡಿ ಎಂದು ಕೇಳಬಹುದು. ಬೇಯಿಸುವ ಮುಂಚೆ ಒಂದು ಚೀಟಿ ಇಡುವಷ್ಟೇ ಕೆಲಸ ಅದು.